ದೊಡ್ಡಬ್ಬಕ್ಕೆ ಮನೆಗೆ ಬಣ್ಣ: ದುಡ್ಡು ಉಳಿಯೋದು ಡಬ್ಬಿಯಲ್ಲಲ್ಲ, ಗೋಡೆಯಲ್ಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಮನೆಗಳ ನಿಜವಾದ ಬಣ್ಣ ಹೊರಗೆ ಬರುತ್ತೆ. ಕಾಂಪೌಂಡ್ ಗೋಡೆ ಪಾಚಿ ಹಿಡಿದು ಕಪ್ಪಾಗಿರುತ್ತೆ. ಜಗಲಿ ಗೋಡೆ ಮೊಣಕಾಲಿನ ಎತ್ತರದವರೆಗೆ ಗುಳ್ಳೆ ಎದ್ದು, ಕೈ ಸವರಿದರೆ ಪದರ ಪದರ ಕಳಚುತ್ತೆ. ಕಿಟಕಿ ಸರಳುಗಳ ಕೆಳತುದಿಯಲ್ಲಿ ತುಕ್ಕು. ದೀಪಾವಳಿ, ಅಂದರೆ ಮಲೆನಾಡಿನವರ ದೊಡ್ಡಬ್ಬ, ಹತ್ತಿರ ಬಂದ ಹಾಗೆ ಪೇಟೆಯ ಪೇಂಟ್ ಅಂಗಡಿಗಳಲ್ಲಿ ನೂಕುನುಗ್ಗಲು ಶುರುವಾಗುತ್ತೆ.

ಅಂಗಡಿಗೆ ಬಂದವರು ಮೊದಲು ಕೇಳೋದು ಒಂದೇ ಪ್ರಶ್ನೆ: 'ಲೀಟರಿಗೆ ಎಷ್ಟು?' ಆದರೆ ಹಣ ಉಳಿಸುವ ಪ್ರಶ್ನೆಗಳು ಬೇರೆ ಎರಡಿವೆ. ಗೋಡೆ ಒಣಗಿದೆಯಾ? ಈಗಾಗಲೇ ಅದರ ಮೇಲೆ ಏನು ಬಳಿದಿದೆ? ಇವೆರಡಕ್ಕೆ ಉತ್ತರ ಗೊತ್ತಿಲ್ಲದೆ ದುಬಾರಿ ಬಣ್ಣ ಹೊಡೆಸಿದ ಮನೆಯೂ ಮುಂದಿನ ಆರಿದ್ರೆ ಮಳೆಗೆ ಮತ್ತೆ ಗುಳ್ಳೆ ಏಳುತ್ತೆ. ಆಮೇಲೆ ಬೈಗುಳ ಕಂಪನಿಗೆ, ಇಲ್ಲವೇ ಪೇಂಟರ್‌ಗೆ. ಎರಡು ವರ್ಷಕ್ಕೊಮ್ಮೆ ಅದೇ ಗೋಡೆಗೆ ಅದೇ ಖರ್ಚು ಮಾಡುತ್ತಿರುವ ಮನೆಗಳು ಪ್ರತಿ ಬೀದಿಯಲ್ಲೂ ಸಿಗುತ್ತವೆ.

ಒಂದಡಿ ಪ್ಲಾಸ್ಟಿಕ್ ಸಾಕು

ಗೋಡೆಯಲ್ಲಿ ತೇವ ಇದೆಯೋ ಇಲ್ಲವೋ ನೋಡೋಕೆ ಯಂತ್ರ ಬೇಡ. ಒಂದಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಬೇಕು. ಮರುದಿನ ಹಾಳೆಯ ಒಳಮೈಗೆ, ಅಂದರೆ ಗೋಡೆ ಕಡೆಯ ಮೈಗೆ, ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರ್ತಿದೆ ಅಂತ ಅರ್ಥ. ಹೊರಮೈಯಲ್ಲಿ ಮಾತ್ರ ಹನಿ ಇದ್ದರೆ ಅದು ಕೋಣೆಯ ತೇವ. ಬಚ್ಚಲು, ಅಡುಗೆಮನೆ ಪಕ್ಕದ ಕೋಣೆಗಳಲ್ಲಿ ಇದು ಸಾಮಾನ್ಯ; ಕಿಟಕಿ ತೆರೆದಿಟ್ಟು ಗಾಳಿ ಆಡಿಸಿದರೆ ಕಮ್ಮಿಯಾಗುತ್ತೆ.

ಗೋಡೆಯೊಳಗಿನ ನೀರಿಗೆ ಬಣ್ಣ ಔಷಧಿ ಅಲ್ಲ. ಅದು ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕು. ಬಹಳ ಸಲ ಕಾರಣ ಸಣ್ಣದೇ ಇರುತ್ತೆ. ಸೂರಿನ ನೀರು ಇಳಿಯುವ ಪೈಪು ಒಡೆದಿರುತ್ತೆ, ಹೆಂಚು ಒಂದು ಜರುಗಿರುತ್ತೆ, ಹೂವಿನ ಪಾತಿಗೆ ಅಂತ ಹಾಕಿದ ಮಣ್ಣು ತಳಪಾಯದ ಮಟ್ಟ ಮೀರಿ ಗೋಡೆಗೆ ಒರಗಿರುತ್ತೆ. ಈ ಕೊನೆಯದ್ದು ತೋಟಪ್ರಿಯರ ಮನೆಗಳಲ್ಲೇ ಹೆಚ್ಚು. ಮಣ್ಣನ್ನು ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಎಳೆದು, ಸೂರಿನ ನೀರು ಬೀಳುವಲ್ಲಿ ನಾಲ್ಕು ಪುಟ್ಟಿ ಜಲ್ಲಿ ಹಾಕಿದರೆ ಗೋಡೆಗೆ ಸಿಡಿಯುವ ಕೆಸರೂ ನಿಲ್ಲುತ್ತೆ. ಇದಕ್ಕೆ ಆಗುವ ಖರ್ಚು ಒಂದು ದಿನದ ಕೂಲಿ.

ಗೋಡೆಯ ಮೇಲೆ ಬಿಳಿ ಹುಡಿ ಹೂವಿನಂತೆ ಅರಳಿದ್ದರೆ ಅದು ಉಪ್ಪು. ಇಟ್ಟಿಗೆ, ಸಿಮೆಂಟಿನಲ್ಲಿರುವ ಲವಣ ನೀರಿನ ಜೊತೆ ಹೊರಗೆ ಬಂದು, ನೀರು ಆರಿದ ಮೇಲೆ ಅಲ್ಲೇ ಉಳಿದಿರುತ್ತೆ. ಇದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಕರಗಿ ಮತ್ತೆ ಒಳಗೆ ಹೋಗುತ್ತೆ. ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದು, ತೇವದ ದಾರಿ ಮುಚ್ಚಿ, ಕೆಲವು ವಾರ ಹಾಗೇ ಬಿಡಬೇಕು. ಹಬ್ಬ ಹತ್ತಿರ ಇದೆ, ಕಾಯೋಕೆ ಆಗಲ್ಲ ಅನ್ನೋರು ಆ ಒಂದು ಗೋಡೆಯನ್ನು ಬಿಟ್ಟು ಉಳಿದದ್ದನ್ನು ಬಳಿಸೋದೇ ಲೇಸು. ಬಿಟ್ಟ ಗೋಡೆಗೆ ಯುಗಾದಿಗೆ ಹೊಡೆಸಬಹುದು. ಬೇಸಿಗೆಯಲ್ಲಿ ಒಣಗಿದ ಗೋಡೆ ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತೆ.

ಯಾವುದರ ಮೇಲೆ ಯಾವುದು ಕೂರುತ್ತೆ

ಅಂಗೈಯಿಂದ ಗೋಡೆಯನ್ನು ಗಟ್ಟಿಯಾಗಿ ಉಜ್ಜಿ ನೋಡಬೇಕು. ಕೈಗೆ ಬಿಳಿ ಹತ್ತಿದರೆ ಅದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ಅದರ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಹೊಸ ಬಣ್ಣ ಅಂಟಿಕೊಳ್ಳೋದು ಗೋಡೆಗಲ್ಲ, ಆ ಹುಡಿಗೆ. ಹುಡಿ ಬಿಟ್ಟಾಗ ಬಣ್ಣವೂ ಚಾಪೆಯ ಹಾಗೆ ಎದ್ದು ಬರುತ್ತೆ. ಎಮಲ್ಷನ್ನೇ ಬೇಕು ಅಂದರೆ ಸುಣ್ಣವನ್ನು ಪೂರ್ತಿ ಕೆರೆದು, ತೊಳೆದು, ಒಣಗಿಸಿ, ಪ್ರೈಮರ್ ಹಾಕಿ ಆಮೇಲೆ ಬಳಿಯಬೇಕು. ಪೇಂಟಿಂಗ್ ಬಿಲ್ಲಿನಲ್ಲಿ ಕೂಲಿ ಏರೋದು ಈ ಕೆರೆಯೋ ಕೆಲಸದಲ್ಲೇ. ಗುತ್ತಿಗೆ ಮಾತಾಡುವಾಗ 'ಕೆರೆಯೋದು ಸೇರಿ ಎಷ್ಟು, ಎಷ್ಟು ಕೋಟ್, ಪ್ರೈಮರ್ ಇದೆಯೋ ಇಲ್ಲವೋ' ಅಂತ ಒಂದು ಚೀಟಿಯಲ್ಲಿ ಬರೆಸಿಕೊಂಡರೆ ಎರಡೂ ಕಡೆಯವರಿಗೆ ಜಗಳ ಇಲ್ಲ.

ತಿರುಗಾಮುರುಗಾ ಆದರೂ ಇದೇ ಕಥೆ. ಎಮಲ್ಷನ್ ಅಥವಾ ಆಯಿಲ್ ಪೇಂಟ್ ಬಳಿದ ನುಣುಪು ಗೋಡೆಗೆ ಸುಣ್ಣ ನಿಲ್ಲಲ್ಲ. ಸುಣ್ಣಕ್ಕೆ ಹೀರುವ ಗೋಡೆ ಬೇಕು.

ಮಣ್ಣಿನ ಗೋಡೆ, ಜಂಬಿಟ್ಟಿಗೆ ಕಲ್ಲಿನ ಗೋಡೆ, ಸುಣ್ಣದ ಗಾರೆಯ ಹಳೆ ಮನೆ ಇದ್ದವರು ಇಲ್ಲಿ ಸ್ವಲ್ಪ ಯೋಚನೆ ಮಾಡಬೇಕು. ಇಂಥ ಗೋಡೆಗಳು ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಬಿಡುತ್ತವೆ. ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಹೊದಿಸಿದರೆ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲದೆ ಗಾರೆ ಸಮೇತ ಉದುರುತ್ತೆ. ಅಜ್ಜನ ಕಾಲದ ಮನೆಗೆ ಮಗ ಪೇಟೆಯಿಂದ ತಂದ ದುಬಾರಿ ಬಣ್ಣ ನಿಲ್ಲದೆ, ಪಕ್ಕದ ಕೊಟ್ಟಿಗೆಯ ಸುಣ್ಣ ಬೆಳ್ಳಗೆ ನಿಂತಿರೋದು ಇದೇ ಕಾರಣಕ್ಕೆ. ಇಂಥ ಮನೆಗೆ ಅತಿ ಅಗ್ಗದ್ದೇ ಅತಿ ಸರಿಯಾದದ್ದು.

ಸುಣ್ಣ ಬಳಿಯೋದೂ ಒಂದು ಕಸುಬು

ಸುಣ್ಣ ಕೈಗೆ ಹತ್ತುತ್ತೆ, ಬಟ್ಟೆಗೆ ಹತ್ತುತ್ತೆ ಅನ್ನೋ ದೂರು ನಿಜ. ಆದರೆ ಅರ್ಧ ತಪ್ಪು ಕಲಸುವವರದ್ದು. ಸುಟ್ಟ ಕಲ್ಲುಸುಣ್ಣ ಒಂದು ಕೆಜಿಗೆ ಐದು ಲೀಟರ್ ನೀರಿನ ಲೆಕ್ಕ. ಸುಣ್ಣಕ್ಕೆ ನೀರು ಬಿದ್ದ ಕೂಡಲೇ ಕುದಿಯುತ್ತೆ, ಸಿಡಿಯುತ್ತೆ. ಕಬ್ಬಿಣದ ಡ್ರಮ್ಮಿನಲ್ಲಿ, ಮಕ್ಕಳನ್ನು ದೂರ ಇಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕಲಸಬೇಕು. ತೆಳು ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ತಡೆಯಲ್ಲ. ಕಣ್ಣಿಗೆ ಬಿದ್ದರೆ ಉಜ್ಜದೆ ಸುಮಾರು ಹೊತ್ತು ಶುದ್ಧ ನೀರು ಹುಯ್ದು ತೊಳೆದು ಆಸ್ಪತ್ರೆಗೆ ಓಡಬೇಕು, ಅದು ತಮಾಷೆಯ ವಿಷಯ ಅಲ್ಲ.

ಎರಡು ದಿನ ನೆನೆಯಲು ಬಿಟ್ಟು, ಗೋಣಿ ಅಥವಾ ದಪ್ಪ ಬಟ್ಟೆಯಲ್ಲಿ ಸೋಸಿ, ಬಿಸಿನೀರಲ್ಲಿ ಕರಗಿಸಿದ ಅಂಟು ಸೇರಿಸಬೇಕು. ಮನೆಗಳಲ್ಲಿ ಅಕ್ಕಿ ಗಂಜಿ ಹಾಕುವ ರೂಢಿಯೂ ಇದೆ. ಬೆಳ್ಳಗೆ ಹೊಳೆಯಲಿ ಅಂತ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ. ಗೋಡೆಗೆ ಮೊದಲು ನೀರು ಚಿಮುಕಿಸಿ ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು, ಒಂದು ಸಲ ಮೇಲಿಂದ ಕೆಳಗೆ, ಆರಿದ ಮೇಲೆ ಇನ್ನೊಂದು ಸಲ ಅಡ್ಡಡ್ಡ. ಹಸಿ ಇದ್ದಾಗ ಸುಣ್ಣ ನೀರು ನೀರಾಗಿ ಕಾಣುತ್ತೆ, ಬಣ್ಣವೇ ಹತ್ತಿಲ್ಲ ಅಂತ ದಪ್ಪ ದಪ್ಪ ಬಳಿಯೋರೇ ಜಾಸ್ತಿ. ದಪ್ಪ ಬಳಿದದ್ದೇ ಆಮೇಲೆ ಪುಡಿಯಾಗಿ ಬಟ್ಟೆಗೆ ಹತ್ತೋದು. ತೆಳ್ಳಗಿನ ಪದರ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತೆ. ಅದಕ್ಕೆ ಸಮಯ ಬೇಕು, ಹಬ್ಬದ ಹಿಂದಿನ ದಿನ ಬಳಿಯೋದಲ್ಲ.

ಸುಣ್ಣಕ್ಕೆ ಎಲ್ಲ ಬಣ್ಣವೂ ಒಗ್ಗಲ್ಲ, ಹಲವು ಬಣ್ಣಗಳು ಅದರ ಖಾರಕ್ಕೆ ಬಿಳಿಚಿಕೊಳ್ಳುತ್ತವೆ. ಕೆಮ್ಮಣ್ಣು, ಕಾವಿ ಮಾತ್ರ ನಿಲ್ಲುತ್ತವೆ. ಅವುಗಳ ಕೆಂಪು ಬರೋದು ಕಬ್ಬಿಣದ ಅಂಶದಿಂದ, ಸುಣ್ಣ ಅದನ್ನು ಕೆಡಿಸಲ್ಲ.

ಸಿಮೆಂಟ್ ಪ್ಲಾಸ್ಟರಿನ ಒರಟು ಕಾಂಪೌಂಡಿಗೆ ಪುಡಿಯಲ್ಲಿ ಸಿಗುವ ಸಿಮೆಂಟ್ ಪೇಂಟ್ ಇನ್ನೊಂದು ಅಗ್ಗದ ದಾರಿ. ಇದಕ್ಕೂ ಗೋಡೆ ನೆನೆಸಿಯೇ ಬಳಿಯಬೇಕು, ಬಳಿದ ಮೇಲೆ ಮರುದಿನದಿಂದ ನೀರು ಚಿಮುಕಿಸಬೇಕು. ಈ ನೀರು ಹಾಕೋ ಕೆಲಸ ಯಾರೂ ಮಾಡಲ್ಲ, ಆಮೇಲೆ ಸಿಮೆಂಟ್ ಪೇಂಟ್ ನಿಲ್ಲಲ್ಲ ಅಂತಾರೆ. ಪಾಚಿ ಇದ್ದ ಗೋಡೆಗೆ ಮೊದಲು ಬ್ಲೀಚಿಂಗ್ ಪೌಡರ್ ನೀರು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ತೊಳೆಯಬೇಕು. ಅದಕ್ಕೆ ಆಸಿಡ್ ಅಥವಾ ಟಾಯ್ಲೆಟ್ ತೊಳೆಯುವ ದ್ರಾವಣ ಬೆರೆಸಿದರೆ ವಿಷಗಾಳಿ ಏಳುತ್ತೆ. ಯಾವ ಕಾರಣಕ್ಕೂ ಬೆರೆಸಬಾರದು.

ಸಗಣಿಯಿಂದ ಮಾಡಿದ ಬಣ್ಣದ ಬಗ್ಗೆಯೂ ಕೆಲವರು ವಿಚಾರಿಸುತ್ತಾರೆ. ಖಾದಿ ಗ್ರಾಮೋದ್ಯೋಗ ಆಯೋಗದ 'ಪ್ರಾಕೃತಿಕ್ ಪೇಂಟ್' 2021ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದಾಗ ಡಿಸ್ಟೆಂಪರ್ ಲೀಟರಿಗೆ 120 ರೂ., ಎಮಲ್ಷನ್ 225 ರೂ. ಇತ್ತು. ಹೆಸರು ಏನೇ ಇರಲಿ, ಒದ್ದೆ ಗೋಡೆಯ ಮೇಲೆ ಅದೂ ನಿಲ್ಲಲ್ಲ.

ಟೇಪು ಹಿಡಿದು ಅಳೆದರೆ

ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ, ಎತ್ತರ ಹತ್ತು ಅಡಿ ಅಂತ ಇಟ್ಟುಕೊಳ್ಳಬಹುದು. ನಾಲ್ಕು ಗೋಡೆಯ ಸುತ್ತಳತೆ 44 ಅಡಿ. ಎತ್ತರದಿಂದ ಗುಣಿಸಿದರೆ 440 ಚದರ ಅಡಿ. ಮೂರಕ್ಕೆ ಏಳರ ಬಾಗಿಲು, ನಾಲ್ಕಕ್ಕೆ ನಾಲ್ಕರ ಎರಡು ಕಿಟಕಿ ಸೇರಿ 53 ಚದರ ಅಡಿ. ಕಳೆದರೆ ಉಳಿಯೋದು 387. ಸಿದ್ಧಪಡಿಸಿದ ಒಳಗೋಡೆಯಲ್ಲಿ ಸಾಮಾನ್ಯ ಎಮಲ್ಷನ್ ಒಂದು ಲೀಟರ್ ಎರಡು ಕೋಟಿಗೆ ಸುಮಾರು 100 ಚದರ ಅಡಿ ಬರುತ್ತೆ. ಅಲ್ಲಿಗೆ ನಾಲ್ಕು ಲೀಟರಿನ ಒಂದು ಡಬ್ಬಿ ಸಾಕು. ಸೂರು 120 ಚದರ ಅಡಿ. ಈಗಾಗಲೇ ಬೆಳ್ಳಗಿದ್ದರೆ ಒಂದು ಕೋಟ್ ಸಾಕು, ಒಂದು ಲೀಟರಿನಲ್ಲಿ ಮುಗಿಯುತ್ತೆ. ಹೊರಗೋಡೆಯ ಲೆಕ್ಕ ಬೇರೆ, ಒರಟು ಮೈ ಹೆಚ್ಚು ಕುಡಿಯುತ್ತೆ, ಲೀಟರಿಗೆ ಒಳಗಿನ ಅರ್ಧದಷ್ಟೇ ಬರುತ್ತೆ ಅಂತ ಹಿಡಿದುಕೊಂಡರೆ ಕ್ಷೇಮ.

ಈ ಲೆಕ್ಕ ಜೇಬಲ್ಲಿ ಇಲ್ಲದೆ ಅಂಗಡಿಗೆ ಹೋದವರು ಹತ್ತು ಲೀಟರಿನ ಬಕೆಟ್ ಹೊತ್ತು ಬರ್ತಾರೆ. ಉಳಿದ ಬಣ್ಣ ಅಟ್ಟದ ಮೇಲೆ ಕೂತು ಗಟ್ಟಿಯಾಗುತ್ತೆ. ಯಂತ್ರದಲ್ಲಿ ಬೆರೆಸಿದ ಬಣ್ಣವನ್ನು ಅಂಗಡಿಯವರು ವಾಪಸ್ ತಗೊಳಲ್ಲ, ತಗೊಳೋಕೆ ಆಗೋದೂ ಇಲ್ಲ. ಹಾಗೆ ಯಾರೋ ಬೇಡ ಅಂದು ಬಿಟ್ಟುಹೋದ ಡಬ್ಬಿ ಅಂಗಡಿಯ ಮೂಲೆಯಲ್ಲಿ ಇದ್ದೇ ಇರುತ್ತೆ. ಹಿತ್ತಿಲ ಗೋಡೆಗೆ, ಕೊಟ್ಟಿಗೆಗೆ, ಹೂಕುಂಡಕ್ಕೆ ಇಂಥದ್ದೇ ಬಣ್ಣ ಅಂತ ಹಟ ಇಲ್ಲದವರು 'ಮಿಕ್ಸ್ ಮಾಡಿ ಉಳಿದದ್ದು ಏನಾದ್ರೂ ಇದೆಯಾ' ಅಂತ ಕೇಳಿ, ತಯಾರಾದ ತಾರೀಖು ನೋಡಿ, ಚೌಕಾಸಿ ಮಾಡಬಹುದು. ಅಂಗಡಿಯವರಿಗೂ ಜಾಗ ಖಾಲಿಯಾದ ಸಮಾಧಾನ.

ಬಕೆಟ್ ಒಳಗೆ ಪೇಂಟರ್‌ಗೆ ಅಂತ ಟೋಕನ್ ಇಡುವ ರೂಢಿ ಇದೆ ಅನ್ನೋದು ಬಹಳ ಗ್ರಾಹಕರಿಗೆ ಗೊತ್ತಿಲ್ಲ. ಪೇಂಟರ್ ಒಂದು ಬ್ರಾಂಡನ್ನೇ ಒತ್ತಿ ಹೇಳುತ್ತಿದ್ದರೆ ಅದೂ ಒಂದು ಕಾರಣ ಇರಬಹುದು. ಅದರಲ್ಲಿ ಮೋಸ ಇಲ್ಲ, ಆದರೆ ತಿಳಿದಿದ್ದರೆ ಮಾತುಕತೆ ಬೇರೆಯಾಗುತ್ತೆ.

ಇಡೀ ಮನೆಗೆ ಬಳಿಸುವ ಶಕ್ತಿ ಇಲ್ಲದಿದ್ದರೆ ಸೊಂಟದ ಮಟ್ಟದವರೆಗೆ ಮಾತ್ರ ಬಳಿಸುವುದೂ ಬಣ್ಣವೇ. ಹಳೆ ಮನೆಗಳಲ್ಲಿ ಗೋಡೆಯ ಕೆಳಗಿನ ಮೂರಡಿ ಕಾವಿ ಪಟ್ಟೆ, ಮೇಲೆ ಬಿಳಿ ಇರೋದು ಅಂದಕ್ಕಷ್ಟೇ ಅಲ್ಲ. ಮಕ್ಕಳ ಕೈ, ಒರಗಿದವರ ತಲೆಯ ಎಣ್ಣೆ, ನೆಲ ಒರೆಸಿದ ನೀರು ಎಲ್ಲ ಹತ್ತೋದು ಅಲ್ಲೇ. ಕೆಳಗಿನ ಮೂರಡಿಗೆ ಗಾಢ ಬಣ್ಣ, ತೊಳೆಯಬಹುದಾದ ಎಮಲ್ಷನ್ ಹಾಕಿದರೆ ಮೇಲಿನ ಏಳಡಿ ಇನ್ನೂ ನಾಲ್ಕು ವರ್ಷ ನಡೆಯುತ್ತೆ. ಸಾಗರ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರ ಇನ್ನೂ ಒಂದು ಹೆಜ್ಜೆ ಮುಂದೆ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಅಂಗಡಿಯಿಂದ ಏನೂ ತರದೆ ಒಂದು ಗೋಡೆ ಇಡೀ ಮನೆಯನ್ನು ಬೆಳಗುತ್ತೆ. ಈಗ ಇದನ್ನು ರೆಸಾರ್ಟಿನವರು ದುಡ್ಡು ಕೊಟ್ಟು ಬರೆಸುತ್ತಾರೆ. ಊರಿನ ಮನೆಗಳಲ್ಲಿ ಅದೇ ಜಾಗಕ್ಕೆ ಟೈಲ್ಸ್ ಬಂದಿದೆ.

ಹಳೇ ಗ್ರಿಲ್: ಇಲ್ಲಿ ಮಾತ್ರ ಜಿಪುಣತನ ಬೇಡ

ಕಿಟಕಿ, ಗೇಟು, ಗ್ರಿಲ್ಲಿಗೆ ತುಕ್ಕಿನ ಮೇಲೆಯೇ ಆಯಿಲ್ ಪೇಂಟ್ ಸವರೋದು ಹಬ್ಬದ ತರಾತುರಿಯಲ್ಲಿ ನಡೆಯುವ ಮಾಮೂಲಿ ಕೆಲಸ. ತುಕ್ಕು ಬಣ್ಣದ ಅಡಿಯಲ್ಲೇ ಬೆಳೆದು ಆರು ತಿಂಗಳಲ್ಲಿ ಹೊರಗೆ ಬರುತ್ತೆ. ತಂತಿ ಬ್ರಷ್, ಎಮರಿ ಪೇಪರಿನಲ್ಲಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಅದೇ ದಿನ ರೆಡ್ ಆಕ್ಸೈಡ್ ಹೊಡೆದು, ಆರಿದ ಮೇಲೆ ಎನಾಮೆಲ್ ತೆಳ್ಳಗೆ ಎರಡು ಕೋಟ್. ದಪ್ಪ ಒಂದು ಕೋಟಿಗಿಂತ ತೆಳು ಎರಡು ಕೋಟ್ ಬಹಳ ಮೇಲು.

ಆದರೆ ಉಜ್ಜುವ ಮೊದಲು ಗ್ರಿಲ್ಲಿನ ವಯಸ್ಸು ಕೇಳಬೇಕು. ಮೊದಲೆಲ್ಲ ಆಯಿಲ್ ಪೇಂಟುಗಳಲ್ಲಿ ಸೀಸ ಬೆರೆಸುತ್ತಿದ್ದರು, ಅದರಲ್ಲೂ ಹಳದಿ, ಕೆಂಪು, ಹಸಿರಿನಂಥ ಗಾಢ ಬಣ್ಣಗಳಲ್ಲಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ ಕೇಂದ್ರದ ನಿಯಮ ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದೆ ಬಳಿದ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಏಳುವ ಧೂಳಿನಲ್ಲಿ ಸೀಸ ಇರಬಹುದು. ನೆಲದ ಮೇಲೆ ಅಂಬೆಗಾಲಿಡುವ ಮಗುವಿನ ಕೈಗೆ ಹತ್ತಿ, ಕೈಯಿಂದ ಬಾಯಿಗೆ ಹೋಗುತ್ತೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತೆ, ಆದ ಪೆಟ್ಟನ್ನು ಆಮೇಲೆ ಸರಿ ಮಾಡಲಾಗದು. ಹಾಗಾಗಿ ಹಳೇ ಬಣ್ಣವನ್ನು ನೀರು ಹಾಕಿ ಒದ್ದೆಯಾಗಿಯೇ ಉಜ್ಜಬೇಕು, ಉಜ್ಜಿದ ಕೂಡಲೇ ಕಬ್ಬಿಣವನ್ನು ಒರೆಸಿ ಒಣಗಿಸಬೇಕು. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಮಡಚಿ ಕಟ್ಟಿ ಒಗೆಯಬೇಕು. ಗುಡಿಸಿ ಹೂವಿನ ಪಾತಿಗೆ ಹಾಕೋದು ಬೇಡ. ಗರ್ಭಿಣಿಯರು, ಮಕ್ಕಳು ಆ ದಿನ ಅಲ್ಲಿ ಇರದಿದ್ದರೆ ಒಳ್ಳೆಯದು. ಪೇಂಟರ್‌ಗೂ ಮಾಸ್ಕ್ ಬೇಕು, ಕರವಸ್ತ್ರ ಕಟ್ಟಿದರೆ ಸಾಲದು.

ಹಳೇ ಸಿಮೆಂಟ್ ಶೀಟಿನ ಮಾಡು ಇದ್ದವರೂ ಗಮನಿಸಬೇಕು. ಅದರಲ್ಲಿ ಕಲ್ನಾರು ಇರುತ್ತೆ. ಅದನ್ನು ಒಣಗಿದಾಗ ಉಜ್ಜೋದು, ಕೆರೆಯೋದು ಶ್ವಾಸಕೋಶಕ್ಕೆ ಅಪಾಯ. ಅದರ ಮೇಲೆ ಕಾಲಿಡೋದೂ ಅಪಾಯವೇ, ಮುರಿದು ಬೀಳುತ್ತೆ.

ಹಿತ್ತಲು, ತುಳಸಿಕಟ್ಟೆ, ತೋಟ

ತುಳಸಿಕಟ್ಟೆಗೆ ಹೊಳೆಯಲಿ ಅಂತ ಆಯಿಲ್ ಪೇಂಟ್ ಹೊಡೆಯೋರು ಬಹಳ. ದಿನಾ ನೀರು ಹುಯ್ಯುವ ಕಟ್ಟೆ ಒಳಗಿಂದ ಯಾವಾಗಲೂ ಒದ್ದೆ, ಆಯಿಲ್ ಪೇಂಟ್ ಅದರ ಮೇಲೆ ಒಂದು ವರ್ಷವೂ ನಿಲ್ಲಲ್ಲ. ಸುಣ್ಣ, ಅಂಚಿಗೆ ಕಾವಿ ಸಾಕು. ಹಬ್ಬಕ್ಕೆ ದನಗಳ ಮೈಗೆ ಗುರುತು ಹಾಕಲು ತಂದ ಜೇಡಿ, ಕೆಮ್ಮಣ್ಣು ಮನೆಯಲ್ಲಿ ಹೇಗೂ ಇರುತ್ತೆ.

ಮಣ್ಣಿನ ಕುಂಡಕ್ಕೆ ಬಣ್ಣ ಹಾಕೋದಾದರೆ ಹೊರಮೈಗೆ ಮಾತ್ರ. ಹಾಗೆ ಬಳಿದ ಕುಂಡದಲ್ಲಿ ನೀರು ಬೇಗ ಆರಲ್ಲ, ಹಾಗಾಗಿ ಮೊದಲಿನಷ್ಟು ನೀರು ಹಾಕಿದರೆ ಬೇರು ಕೊಳೆಯುತ್ತೆ. ಖಾಲಿ ಪೇಂಟ್ ಬಕೆಟ್ಟೇ ಕುಂಡ ಆಗುತ್ತೆ: ಚೆನ್ನಾಗಿ ತೊಳೆದು, ತಳಕ್ಕೆ ನಾಲ್ಕೈದು ತೂತು ಕೊರೆದರೆ ಆಯಿತು. ಹೂವಿನ ಗಿಡಕ್ಕೆ ಇದು ಸಾಕು, ಸೊಪ್ಪು ತರಕಾರಿಗೆ ಬೇರೆ ನೋಡಿಕೊಳ್ಳುವುದು ಒಳ್ಳೆಯದು.

ಉಳಿದ ಸುಣ್ಣಕ್ಕೆ ಮಲೆನಾಡಿನಲ್ಲಿ ಕೆಲಸ ಇದ್ದೇ ಇದೆ. ಮಳೆಗಾಲ ಕಳೆದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅಡಿಕೆ ಮರದ ಕಾಂಡಕ್ಕೆ ನೈಋತ್ಯದ ಕಡೆಯಿಂದ ಮಧ್ಯಾಹ್ನದ ಬಿಸಿಲು ಹೊಡೆಯುತ್ತೆ. ತೋಟದ ಅಂಚಿನ ಮರಗಳ ಕಾಂಡ ಮೊದಲು ಹಳದಿಯಾಗಿ, ಆಮೇಲೆ ಸೀಳು ಬಿಡುತ್ತೆ. ಆ ಮಗ್ಗುಲಿಗೆ ಸುಣ್ಣ ಬಳಿದರೆ ಬಿಸಿಲು ಪ್ರತಿಫಲಿಸಿ ಕಾಂಡ ಉಳಿಯುತ್ತೆ. ಮರಕ್ಕೆ ಆಯಿಲ್ ಪೇಂಟ್ ಮಾತ್ರ ಬಳಿಯಬಾರದು.

ಭದ್ರಾವತಿ, ಶಿಕಾರಿಪುರ ಕಡೆಯ ಬಯಲು ಊರುಗಳಲ್ಲಿ ಇದೇ ಯುಕ್ತಿ ಮನೆಯ ತಾರಸಿಗೆ ಸಲ್ಲುತ್ತೆ. ಬೇಸಿಗೆಗೆ ಮುಂಚೆ ತಾರಸಿಗೆ ಸುಣ್ಣ ಬಳಿದರೆ ಕೆಳಗಿನ ಕೋಣೆಯ ಕಾವು ಇಳಿಯುತ್ತೆ. ಮಳೆಗೆ ತೊಳೆದುಹೋಗುತ್ತೆ, ಮುಂದಿನ ವರ್ಷ ಮತ್ತೆ ಬಳಿಯಬೇಕು ಅಷ್ಟೆ.

ಅಂಗಡಿ ಷಟರ್, ಬೋರ್ಡು

ಅಂಗಡಿಯವರಿಗೆ ಷಟರ್ ಬಳಿಸಲು ಸಿಗೋದು ವಾರದ ರಜೆಯ ಒಂದೇ ದಿನ. ಹಿಂದಿನ ರಾತ್ರಿಯೇ ಗ್ರೀಸ್, ಎಣ್ಣೆ ಜಿಡ್ಡನ್ನು ಸೋಪಿನ ನೀರಲ್ಲಿ ತೊಳೆದಿಟ್ಟು, ಬೆಳಿಗ್ಗೆ ಬೇಗ ಶುರು ಮಾಡಿದರೆ ಸಂಜೆಯೊಳಗೆ ಒಂದು ಕೋಟ್ ಆಗುತ್ತೆ. ಎರಡನೆಯದ್ದು ಮುಂದಿನ ವಾರ. ಹಸಿ ಇರುವಾಗ ಷಟರ್ ಸುತ್ತಿದರೆ ಪಟ್ಟಿಗಳು ಒಂದಕ್ಕೊಂದು ಅಂಟಿ, ಬೆಳಿಗ್ಗೆ ಎಳೆದಾಗ ಬಣ್ಣವೇ ಕಿತ್ತು ಬರುತ್ತೆ. ಎರಡೂ ಬದಿಯ ಚಾನೆಲ್ ಒಳಗೆ ಬಣ್ಣ ಹೋಗದ ಹಾಗೆ ನೋಡಿಕೊಳ್ಳಬೇಕು.

ಬೋರ್ಡು ಹೊಸದಾಗಿ ಬರೆಸುವುದಿದ್ದರೆ ಬರೆಯುವವರಿಗೆ ಮೊದಲೇ ಹೇಳಬೇಕಾದ ಮಾತು ಒಂದಿದೆ. 2024ರ ತಿದ್ದುಪಡಿ ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಬರೆಸಿದ ಮೇಲೆ ನೋಟಿಸ್ ಬಂದು ಮತ್ತೆ ಬರೆಸಿದರೆ ಖರ್ಚು ಎರಡು ಪಟ್ಟು. ಬೋರ್ಡಿನ ಹತ್ತಿರ ಏಣಿ ಹಾಕುವ ಮೊದಲು ಮೇಲೆ ಹಾದುಹೋದ ವಿದ್ಯುತ್ ತಂತಿ ನೋಡಬೇಕು. ಪೇಟೆ ಬೀದಿಗಳಲ್ಲಿ ಸರ್ವಿಸ್ ವೈರು ಕೈಗೆಟುಕುವಷ್ಟು ಕೆಳಗಿರುತ್ತೆ. ಅಲ್ಯುಮಿನಿಯಂ ಏಣಿಯಾದರೆ ಇನ್ನೂ ಎಚ್ಚರ.

ಕೆಲಸ ಮುಗಿದ ಮೇಲೆ ಉಳಿದ ಬಣ್ಣದಲ್ಲಿ ಅರ್ಧ ಲೀಟರನ್ನು ಬಾಯಿ ಬಿಗಿಯಾದ ಗಾಜಿನ ಬಾಟಲಿಗೆ ತುಂಬಿ, ಮೇಲೆ ಬಣ್ಣದ ಕೋಡ್ ನಂಬರ್, ತಾರೀಖು, ಯಾವ ಕೋಣೆ ಅಂತ ಬರೆದು ಅಂಟಿಸಿಡಬೇಕು. ಬಿಲ್ಲನ್ನೂ ಅದರ ಜೊತೆಗೇ. ಮೊಳೆ ಹೊಡೆದ ತೂತು, ಸೋಫಾ ತಾಗಿದ ಗೀರು ಮುಚ್ಚೋಕೆ ಅಷ್ಟು ಸಾಕು. ಬ್ರಷ್ ತೊಳೆದ ನೀರನ್ನು ಬಾವಿಯ ಹತ್ತಿರ, ಕಾಲುವೆಗೆ ಚೆಲ್ಲಬಾರದು. ಬಳಕೆಗೆ ಬಾರದ ಒಂದೆರಡು ಬಟ್ಟಲು ಎಮಲ್ಷನ್ ಉಳಿದಿದ್ದರೆ ಮರಳು ಬೆರೆಸಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಒಣ ಕಸದ ಗಾಡಿಗೆ ಕೊಡಬಹುದು.